ಎಲ್ಲರೂ ರಾಜಿಯೇ?

ನಮ್ಮ ಮನೆಯ ಟ್ರಂಕಿನಲ್ಲಿ ಒಂದು ರಾಜಿಪತ್ರವಿದೆ. ಹಳೆಯ ಛಾಪಾ ಕಾಗದ, ಮಡಿಸಿದ ಗೆರೆಗಳಲ್ಲೇ ಹರಿಯಲು ಶುರುವಾಗಿದೆ. ಹೊಲದ ನಡುವಿನ ಬಾವಿಯ ನೀರಿಗಾಗಿ ಅಪ್ಪ ಮತ್ತು ದೊಡ್ಡಪ್ಪ ಎರಡು ವರ್ಷ ಜಗಳವಾಡಿದ ಮೇಲೆ ಊರ ಹಿರಿಯರು ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕೂತು ಬರೆಸಿದ್ದು. ಮೂರು ದಿನ ಅವರ ಪಾಳಿ, ಮೂರು ದಿನ ನಮ್ಮದು, ಏಳನೆಯ ದಿನ ಬಾವಿಗೆ ರಜೆ. ಕೆಳಗೆ ಇಬ್ಬರ ಸಹಿ, ನಾಲ್ವರು ಪಂಚರ ಸಹಿ, ಒಂದು ಹೆಬ್ಬೆಟ್ಟು. ಪತ್ರದಲ್ಲಿ ಬರೆದದ್ದು ಇವತ್ತಿಗೂ ಚಾಚೂ ತಪ್ಪದೆ ನಡೆದಿದೆ. ಆದರೆ ಸಹಿ ಬಿದ್ದ ದಿನದಿಂದ ದೊಡ್ಡಪ್ಪ ತೀರಿಕೊಳ್ಳುವವರೆಗೆ ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ರಾಜಿ ಎಂದರೆ ಇಷ್ಟೇ ಎಂದು ನಾನು ನಂಬಿಕೊಂಡಿದ್ದೆ. ಜಗಳ ನಿಲ್ಲುತ್ತದೆ, ಅದರ ಜೊತೆಗೆ ಮಾತೂ ನಿಲ್ಲುತ್ತದೆ. ಕೆಲಸದ ನಿಮಿತ್ತ ಏಳು ತಿಂಗಳು ಇಸ್ತಾಂಬುಲಿನಲ್ಲಿದ್ದಾಗ, ಒಂದು ಗುರುವಾರ ಸಂಜೆ, ಇದೇ ಪದ ಬೇರೆಯದೇ ಮೈ ತಳೆದು ನನ್ನೆದುರು ಬಂದು ಕೂತಿತು.

ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನ ಗೆಳೆಯ ಅಲೆವಿ ಸಮುದಾಯದವನು. ಅದನ್ನು ಅವನು ನನಗೆ ಹೇಳಿದ್ದು ಪರಿಚಯವಾಗಿ ನಾಲ್ಕು ತಿಂಗಳಾದ ಮೇಲೆ, ಅದೂ ಚಹಾದಂಗಡಿಯಲ್ಲಿ, ದನಿ ತಗ್ಗಿಸಿ. ಕೇಳಿದೊಡನೆ ನನಗೆ ನೆನಪಾದದ್ದು ನಮ್ಮ ವಿಜಾಪುರ ಸೀಮೆಯ ಅಲಾಯಿ ಹಬ್ಬ. ಮೊಹರಮ್ಮಿನಲ್ಲಿ ಮಸೀದಿಯ ಮುಂದೆ ಕುಣಿ ತೋಡಿ ಬೆಂಕಿ ಮಾಡಿ, ಅದರ ಸುತ್ತ ಹೆಜ್ಜೆ ಹಾಕುತ್ತ ಕರ್ಬಲಾದ ಪದ ಹಾಡುತ್ತಾರಲ್ಲ, ಅದು. ಎರಡೂ ಒಂದೇ ಪದವೇನೋ ಎಂದು ಉತ್ಸಾಹದಿಂದ ಕೇಳಿದೆ. ಅಲ್ಲ. ನಮ್ಮ ಅಲಾಯಿ ಆ ಬೆಂಕಿಯ ಹೆಸರು. ಅವರ ಅಲೆವಿ ಎಂದರೆ ಅಲಿಯವರು, ಪ್ರವಾದಿಯ ಅಳಿಯ ಅಲಿಯ ದಾರಿಯಲ್ಲಿ ನಡೆಯುವವರು. ಆದರೂ ಅಲಿಯ ಮಕ್ಕಳಾದ ಹಸನ್ ಹುಸೇನರ ಹೆಸರು ನನಗೆ ಗೊತ್ತು, ಚಿಕ್ಕಂದಿನಲ್ಲಿ ಮೊಹರಮ್ಮಿಗೆ ಕೈಗೆ ಕೆಂಪು ಲಾಡಿ ಕಟ್ಟಿಸಿಕೊಂಡು ಫಕೀರನಾಗಿದ್ದೆ ಎಂದಾಗ ಅವನು ಚಹಾ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದ. ಮರುವಾರ ಅವನ ತಾಯಿಯಿಂದ ಕರೆ ಬಂತು. 'ಆ ಹುಡುಗನನ್ನು ಜೆಮ್‌ಗೆ ಕರೆದುಕೊಂಡು ಬಾ.'

ಜೆಮ್ ಎಂದರೆ ಕೂಡುವುದು. ಅಲೆವಿಗಳ ಸಾಮೂಹಿಕ ಆರಾಧನೆಗೆ ಅದೇ ಹೆಸರು, ಅದು ನಡೆಯುವ ಮನೆಗೆ ಜೆಮ್‌ಎವಿ. ಇವರಲ್ಲಿ ಹೆಚ್ಚಿನವರು ಮಸೀದಿಗೆ ಹೋಗುವುದಿಲ್ಲ, ದಿನಕ್ಕೆ ಐದು ಹೊತ್ತಿನ ನಮಾಜು ಮಾಡುವುದಿಲ್ಲ. ಉಪವಾಸ ರಂಜಾನಿನಲ್ಲಲ್ಲ, ಮೊಹರಮ್ಮಿನ 12 ದಿನ. ಆ ದಿನಗಳಲ್ಲಿ ಬಾಯಾರಿದರೂ ಬರಿಯ ನೀರು ಕುಡಿಯುವುದಿಲ್ಲ, ಕರ್ಬಲಾದ ಕಾಳಗದಲ್ಲಿ ಹುಸೇನನ ಕಡೆಯವರಿಗೆ ನೀರು ಸಿಗಲಿಲ್ಲವಲ್ಲ ಎಂದು. ಟರ್ಕಿ ಮಾತಾಡುವವರೂ ಕುರ್ದಿ ಮಾತಾಡುವವರೂ ಇವರಲ್ಲಿದ್ದಾರೆ. ಸಿರಿಯಾದ ಅಲಾವಿಗಳು ಬೇರೆ, ಇವರು ಬೇರೆ. ತಾವು ಇಸ್ಲಾಮಿನ ಒಳಗಿದ್ದೇವೋ ಹೊರಗಿದ್ದೇವೋ ಎಂಬುದರ ಮೇಲೆ ಅವರವರಲ್ಲೇ ಬಿಸಿ ಬಿಸಿ ಚರ್ಚೆಯಿದೆ. ನಾನು ಅದಕ್ಕೆ ಕೈ ಹಾಕುವುದಿಲ್ಲ.

ಜೆಮ್‌ಎವಿ ಏಷ್ಯಾ ದಂಡೆಯ ಒಂದು ಸಾಧಾರಣ ಬಡಾವಣೆಯಲ್ಲಿತ್ತು. ಹೊರಗಿನಿಂದ ನೋಡಿದರೆ ನಮ್ಮ ಕಲ್ಯಾಣ ಮಂಟಪದಂತಹ ಕಟ್ಟಡ. ಹೊಸ್ತಿಲು ತುಳಿಯಬಾರದು ಎಂದು ಗೆಳೆಯ ಎಚ್ಚರಿಸುವ ಮೊದಲೇ ನಾನು ದಾಟಿಕೊಂಡು ಹೋಗಿದ್ದೆ. ಅದನ್ನು ನನಗೆ ಅಜ್ಜಿ ಕಲಿಸಿದ್ದಳು. ಅವನ ತಾಯಿ ಮಾತ್ರ ಬಗ್ಗಿ ಬಾಗಿಲ ಚೌಕಟ್ಟಿಗೆ ಮುತ್ತಿಟ್ಟು ಒಳಗೆ ಬಂದರು. ಅವರನ್ನು ನಾನು 'ತೆಯ್ಜೆ' ಎನ್ನುತ್ತಿದ್ದೆ, ಚಿಕ್ಕಮ್ಮ ದೊಡ್ಡಮ್ಮ ಎಂದಂತೆ. ಒಳಗೆ ದೊಡ್ಡ ಹಜಾರ, ನೆಲಕ್ಕೆ ಜಮಖಾನೆ. ಗೋಡೆಯ ಮೇಲೆ ಅಲಿಯ ಚಿತ್ರ. ಪಕ್ಕದಲ್ಲಿ ಒಂದು ತೋಳಲ್ಲಿ ಸಿಂಹ, ಇನ್ನೊಂದರಲ್ಲಿ ಜಿಂಕೆ ಹಿಡಿದ ಸಂತ ಹಾಜಿ ಬೆಕ್ತಾಶ್ ವೆಲಿ. ಅದರ ಪಕ್ಕದಲ್ಲಿ ಸೂಟು ತೊಟ್ಟ ಅತಾತುರ್ಕ್, ಟರ್ಕಿ ಗಣರಾಜ್ಯ ಕಟ್ಟಿದವನು. ಈ ಮೂರನೆಯ ಚಿತ್ರ ನನ್ನನ್ನು ಸ್ವಲ್ಪ ಹೊತ್ತು ತಡೆದು ನಿಲ್ಲಿಸಿತು. 1925ರಲ್ಲಿ ಅವನ ಗಣರಾಜ್ಯವೇ 677ನೆಯ ಕಾನೂನು ತಂದು ಎಲ್ಲ ದರ್ಗಾಗಳನ್ನು, ಮಠಗಳನ್ನು ಮುಚ್ಚಿಸಿತು. ಜೆಮ್ ನಡೆಸುವ ಗುರುವಿಗೆ ಇವರು ಹೇಳುವ 'ದೆದೆ' ಎಂಬ ಬಿರುದನ್ನೂ ಅದೇ ಕಾನೂನು ನಿಷೇಧಿಸಿತು. ಆದರೂ ಸುಲ್ತಾನರ ಕಾಲದ ಕಿರುಕುಳಕ್ಕಿಂತ ಗಣರಾಜ್ಯವೇ ವಾಸಿ ಎಂದು ಇವರಲ್ಲಿ ಬಹಳ ಮಂದಿ ಎಣಿಸಿದ್ದಾರೆ. ಗೋಡೆ ಆ ಲೆಕ್ಕವನ್ನು ಬಚ್ಚಿಟ್ಟಿರಲಿಲ್ಲ.

ಗಂಡಸರು, ಹೆಂಗಸರು, ಮಕ್ಕಳು ಒಂದೇ ಹಜಾರದಲ್ಲಿ ಕೂತರು. ಯಾರೂ ಯಾರಿಗೂ ಬೆನ್ನು ಮಾಡದಂತೆ ಬಾಗಿದ ಸಾಲುಗಳು, ಮುಖಕ್ಕೆ ಮುಖ. ನಡುವೆ ಬಿಟ್ಟ ಜಾಗಕ್ಕೆ 'ಮೆಯ್ದಾನ್' ಎನ್ನುತ್ತಾರೆ; ನಮ್ಮ ಮೈದಾನವೇ. ಅಲ್ಲಿ ಕೂತಾಗ ಗಂಡು ಹೆಣ್ಣು ಎಂಬುದಿಲ್ಲ, ಎಲ್ಲರೂ 'ಜಾನ್', ಬರಿಯ ಜೀವ. ಇಷ್ಟು ಓದಿದ ಕನ್ನಡಿಗರಿಗೆ ಕಲ್ಯಾಣದ ಅನುಭವ ಮಂಟಪ ನೆನಪಾಗಿಯೇ ಆಗುತ್ತದೆ. ನನಗೂ ಆಯಿತು. ಆದರೆ ಆ ಹೋಲಿಕೆಯ ಜಾರುಬಂಡೆಯ ಮೇಲೆ ಕೂತರೆ ಕಣ್ಣೆದುರಿನದು ಕಾಣುವುದಿಲ್ಲ ಎಂದು ಬೇಗನೆ ಇಳಿದುಬಿಟ್ಟೆ.

ದೆದೆ ಕುರಿಚರ್ಮದ ಆಸನದ ಮೇಲೆ ಕೂತರು. ಅರವತ್ತರ ಆಸುಪಾಸು, ಅಂಚೆ ಕಚೇರಿಯಿಂದ ನಿವೃತ್ತರಂತೆ. ಯಾರು ಬೇಕಾದರೂ ದೆದೆ ಆಗಲಾಗದು. 'ಒಜಾಕ್' ಎಂಬ ಮನೆತನಗಳಲ್ಲಿ ಹುಟ್ಟಿದವರಿಗೇ ಆ ಸ್ಥಾನ. ಒಜಾಕ್ ಎಂದರೆ ಒಲೆ. ಪ್ರತಿ ಕುಟುಂಬವೂ ಒಂದು ಒಲೆಗೆ ಸೇರಿದ್ದು. ಎಲ್ಲರೂ ಸಮ ಎನ್ನುವ ದಾರಿಯಲ್ಲಿ ಗುರುಪೀಠ ಮಾತ್ರ ರಕ್ತದ ಮೂಲಕ ಇಳಿದು ಬರುವುದು ನನಗೆ ಸ್ವಲ್ಪ ತೊಡಕೆನಿಸಿತು. ಗೆಳೆಯನಿಗೂ ಹಾಗೆಯೇ ಅನಿಸುತ್ತದಂತೆ. ತೆಯ್ಜೆಗೆ ಒಂದಿಷ್ಟೂ ಇಲ್ಲ.

ಪ್ರಾರ್ಥನೆ ಶುರುವಾಗುತ್ತದೆ ಎಂದು ನಾನು ಕಾಯುತ್ತಿದ್ದರೆ ದೆದೆ ಒಂದು ಪ್ರಶ್ನೆ ಕೇಳಿದರು. ಅದರಲ್ಲಿ ನನ್ನ ಕಿವಿಗೆ ಬಿದ್ದದ್ದು ಒಂದೇ ಪದ: ರಾಜಿ. ಕೊನೆಯ ಸ್ವರವನ್ನು ಅವರು ಗಂಟಲೊಳಗೆ ಸ್ವಲ್ಪ ನುಂಗುತ್ತಾರೆ, ಅಷ್ಟೇ. ಗೆಳೆಯ ಪಿಸುಗುಟ್ಟಿದ. 'ನೀವೆಲ್ಲ ಒಬ್ಬರಿಗೊಬ್ಬರು ರಾಜಿಯೇ ಎಂದು ಕೇಳುತ್ತಿದ್ದಾರೆ. ಯಾರಿಗಾದರೂ ಯಾರ ಮೇಲಾದರೂ ಮುನಿಸಿದ್ದರೆ, ಬಾಕಿ ಇದ್ದರೆ, ಈಗಲೇ ಹೇಳಬೇಕು. ಎಲ್ಲರೂ ರಾಜಿಯಾಗದೆ ಜೆಮ್ ಶುರುವಾಗುವುದಿಲ್ಲ.'

ಆ ರಾತ್ರಿ ಮನೆಗೆ ಬಂದು ನನ್ನದೇ ಭಾಷೆಯ ಲೆಕ್ಕ ಹಾಕಿದೆ. ಅರಬ್ಬಿಯ ಒಂದೇ ಬೇರಿನಿಂದ ನಮಗೆ ಎಷ್ಟೊಂದು ಬಂದಿದೆ. ರಜೆ ಎಂದರೆ ಮೂಲದಲ್ಲಿ ಒಪ್ಪಿಗೆ, ಮೇಲಿನವರು ಹೋಗು ಎಂದು ಕೊಟ್ಟದ್ದು. ರಾಜೀನಾಮೆ ಎಂದರೆ ಒಪ್ಪಿಗೆಯ ಪತ್ರ. ಮುಂಬಯಿ ಆಧಿಪತ್ಯದ ಕಾಲದಲ್ಲಿ ನಮ್ಮ ಕಡೆಯ ರೈತ ಹೊಲ ಬಿಟ್ಟುಕೊಡುವಾಗ ಬರೆದುಕೊಡುತ್ತಿದ್ದದ್ದು ಅದನ್ನೇ. ಈಗ ಮಂತ್ರಿಗಳು ಬರೆದು ಜೇಬಿನಲ್ಲಿಟ್ಟುಕೊಂಡು ಓಡಾಡುವುದಕ್ಕೆ ಆ ಹೆಸರು. ಇನ್ನು ರಾಜಿ: ಅರ್ಧ ಬಿಟ್ಟುಕೊಟ್ಟು, ಹಲ್ಲು ಕಚ್ಚಿಕೊಂಡು, ಸಹಿ ಹಾಕುವುದು. 'ತತ್ತ್ವದಲ್ಲಿ ರಾಜಿಯಿಲ್ಲ' ಎಂದು ಎದೆಯುಬ್ಬಿಸಿ ಹೇಳುತ್ತೇವೆ. ಮೂರೂ ಪದಗಳು ನಮ್ಮಲ್ಲಿ ಕಚೇರಿ ಕಟ್ಟೆ ಹತ್ತಿ ಕೂತವು. ಅದೇ ಬೇರಿನ ಪದ ಅಲ್ಲಿ ಆರಾಧನೆಯ ಮೊದಲ ಮೆಟ್ಟಿಲಾಗಿದೆ.

ಆ ಸಂಜೆಯ ಪ್ರಶ್ನೆಗೆ ಉತ್ತರ ಬರಲು ಎರಡು ಕ್ಷಣವೂ ಹಿಡಿಯಲಿಲ್ಲ ಎಂಬುದನ್ನೂ ಹೇಳಬೇಕು. ಇನ್ನೂರಕ್ಕೂ ಹೆಚ್ಚು ಜನ ಒಂದೇ ದನಿಯಲ್ಲಿ ರಾಜಿ ಎಂದರು. ನನ್ನ ಬಲಗಡೆ ಕೂತವರಿಗೆ ಎಡಗಡೆಯವರ ಹೆಸರೂ ಗೊತ್ತಿರಲಿಕ್ಕಿಲ್ಲ. ಪರಿಚಯವೇ ಇಲ್ಲದವರ ಮೇಲೆ ಮುನಿಸು ಎಲ್ಲಿಂದ ಬರಬೇಕು? ಮಹಾನಗರದಲ್ಲಿ ರಾಜಿ ಬಹಳ ಸಲೀಸು.

ತೆಯ್ಜೆ ಅದನ್ನು ಬಾಯಿಬಿಟ್ಟೇ ಹೇಳಿದರು, ಮುಂದಿನ ಭಾನುವಾರ ಅವರ ಅಡುಗೆಮನೆಯಲ್ಲಿ. ಅವರದು ಸಿವಾಸ್ ಪ್ರಾಂತ್ಯದ ಗುಡ್ಡಗಾಡಿನ ಒಂದು ಹಳ್ಳಿ. ಅಲ್ಲಿ ಜೆಮ್ ನಡೆಯುತ್ತಿದ್ದದ್ದು ಚಳಿಗಾಲದಲ್ಲಿ, ಸುಗ್ಗಿ ಮುಗಿದು ಹಿಮ ಬಿದ್ದ ಮೇಲೆ. ದೆದೆ ಊರಿಂದೂರಿಗೆ ಬರುತ್ತಿದ್ದರು. ಜೆಮ್‌ಎವಿ ಎಂಬ ಕಟ್ಟಡವೆಲ್ಲ ಇರಲಿಲ್ಲ. ಯಾರ ಮನೆಯ ಪಡಸಾಲೆ ದೊಡ್ಡದೋ ಅಲ್ಲಿ. ವರ್ಷಕ್ಕೊಮ್ಮೆ ಪ್ರತಿ ದಂಪತಿಯೂ ನಡುವಿನ ಮೆಯ್ದಾನಕ್ಕೆ ಬಂದು ನಿಲ್ಲಬೇಕು. ಆ ನಿಲುವಿಗೆ 'ದಾರ್' ಎಂದು ಹೆಸರು. ದಾರ್ ಎಂದರೆ ಗಲ್ಲುಗಂಬ. 922ರಲ್ಲಿ ಬಾಗ್ದಾದಿನಲ್ಲಿ ಕೊಲ್ಲಿಸಿಕೊಂಡ ಸೂಫಿ ಮನ್ಸೂರ್ ಹಲ್ಲಾಜನ ನೆನಪಿನಲ್ಲಿ ಅದನ್ನು ಮನ್ಸೂರನ ದಾರ್ ಎನ್ನುತ್ತಾರೆ. ಬಲಗಾಲ ಹೆಬ್ಬೆರಳನ್ನು ಎಡಗಾಲ ಹೆಬ್ಬೆರಳ ಮೇಲಿಟ್ಟು, ತಲೆ ಬಾಗಿಸಿ ನಿಂತವರನ್ನು ತೋರಿಸಿ ದೆದೆ ಊರನ್ನು ಕೇಳುತ್ತಾರೆ: ಇವರಿಂದ ಯಾರಿಗಾದರೂ ನೋವಾಗಿದೆಯೇ? ಸಾಲ ಉಳಿದಿದೆಯೇ? ಮಾತು ತಪ್ಪಿದ್ದಾರೆಯೇ?

ಅಲ್ಲಿ ಉತ್ತರ ತಟ್ಟನೆ ಬರುತ್ತಿರಲಿಲ್ಲ. ತೆಯ್ಜೆ ಹುಡುಗಿಯಾಗಿದ್ದಾಗ ಒಂದು ವರ್ಷ ಎರಡು ಮನೆಗಳ ನಡುವೆ ಹುಲ್ಲುಗಾವಲಿನ ಗಡಿಯ ತಂಟೆ ಎದ್ದಿತಂತೆ. ಒಬ್ಬ ಎದ್ದು ನಿಂತು ನಾನು ರಾಜಿಯಿಲ್ಲ ಎಂದ. ಕುರಿ ಕುಯ್ದಾಗಿತ್ತು, ಕಡಾಯಿಯಲ್ಲಿ ನೀರು ಕುದಿಯುತ್ತಿತ್ತು, ಮಕ್ಕಳು ತೂಕಡಿಸುತ್ತಿದ್ದರು. ದೆದೆ ವಾದ್ಯ ಮುಟ್ಟಗೊಡಲಿಲ್ಲ. ನಡುರಾತ್ರಿ ದಾಟಿತು. ಕೊನೆಗೆ ಗಡಿ ಒತ್ತಿದವನು ಒಪ್ಪಿಕೊಂಡು, ಒಂದು ಚಳಿಗಾಲಕ್ಕೆ ಬೇಕಾಗುವ ಹುಲ್ಲು ಕೊಡುತ್ತೇನೆಂದು ಹೇಳಿ, ಇನ್ನೊಬ್ಬನ ಕೈಗೆ ಮುತ್ತಿಟ್ಟ. ಆಮೇಲೆ ಅವರಿಬ್ಬರೂ ಅಕ್ಕಪಕ್ಕ ಕೂತು ಒಂದೇ ತಟ್ಟೆಯಲ್ಲಿ ಉಣ್ಣಬೇಕಾಯಿತು. 'ನಮಗೆ ಸರ್ಕಾರದ ಕೋರ್ಟು ಯಾವುದೆಂದೇ ಗೊತ್ತಿರಲಿಲ್ಲ' ಎಂದರು ತೆಯ್ಜೆ, ಹೆಮ್ಮೆಯಿಂದಲೇ.

ಒಪ್ಪದಿದ್ದವರ ಗತಿ? ಕೊಲೆ ಮಾಡಿದವನು, ಕಾರಣವಿಲ್ಲದೆ ಹೆಂಡತಿಯನ್ನು ಬಿಟ್ಟವನು, ತೀರ್ಪಿಗೆ ಬಗ್ಗದವನು 'ದುಶ್ಕುನ್' ಆಗುತ್ತಿದ್ದ. ಬಿದ್ದವನು ಎಂದು ಅರ್ಥ. ಅವನಿಗೆ ಸಲಾಮಿಲ್ಲ, ಬೆಂಕಿ ಕೊಡುವಂತಿಲ್ಲ, ಅವನ ದನ ಊರ ಮಂದೆಗೆ ಸೇರುವಂತಿಲ್ಲ. ಹಿಮದಲ್ಲಿ ಮುಳುಗಿದ ಹಳ್ಳಿಯಲ್ಲಿ ಬೆಂಕಿ ಸಿಗದಿರುವುದೆಂದರೆ ಏನು ಎಂದು ಊಹಿಸಿಕೊಳ್ಳಿ. ಬಹಿಷ್ಕಾರ ಎಂಬುದರ ಕರಾಳ ಮುಖ ನಮ್ಮೂರುಗಳಲ್ಲಿ ಕಂಡವನು ನಾನು, ಹಾಗಾಗಿ ಈ ಭಾಗವನ್ನು ಕೇಳುವಾಗ ತಲೆದೂಗಲಾಗಲಿಲ್ಲ. ಊರೆಲ್ಲ ಒಂದಾಗಿ ಒಬ್ಬನ ಮೇಲೆ ಬಿದ್ದರೆ ಅವನ ಪರವಾಗಿ ರಾಜಿಯಿಲ್ಲ ಎನ್ನಲು ಯಾರಿದ್ದಾರೆ ಎಂದು ಕೇಳಿದೆ. 'ಅವನ ಮುಸಾಹಿಪ್ ಇರುತ್ತಾನೆ' ಎಂದರು. ಮದುವೆಯಾದ ಎರಡು ಜೋಡಿಗಳು ದೆದೆಯ ಎದುರು ಆಣೆಯಿಟ್ಟು ಆಗುವ ಒಡಹುಟ್ಟಿತನ ಅದು. ಒಬ್ಬರ ಸಾಲ ಇನ್ನೊಬ್ಬರ ಸಾಲ, ಒಬ್ಬರ ತಪ್ಪು ಇಬ್ಬರ ತಪ್ಪು. ಅವರ ಮಕ್ಕಳು ಒಬ್ಬರನ್ನೊಬ್ಬರು ಮದುವೆಯಾಗುವಂತಿಲ್ಲ; ರಕ್ತಸಂಬಂಧಕ್ಕಿಂತ ಗಟ್ಟಿ. ಬಿದ್ದವನ ಜೊತೆಗೆ ಮುಸಾಹಿಪನೂ ಉತ್ತರ ಹೇಳಬೇಕು.

ಮಾತಿನ ಭರದಲ್ಲಿ ನಮ್ಮ ಬಾವಿಯ ಕಥೆ ಹೇಳಿಬಿಟ್ಟೆ. ಪಾಳಿ, ಪಂಚರು, ಛಾಪಾ ಕಾಗದ, ಎಲ್ಲ. ತೆಯ್ಜೆ ಬೀನ್ಸಿನ ನಾರು ತೆಗೆಯುತ್ತಲೇ ಕೇಳಿದರು. ಕೊನೆಗೆ ಒಂದೇ ಪ್ರಶ್ನೆ: 'ಸಹಿಯಾದ ಮೇಲೆ ಯಾರು ಯಾರಿಗೆ ನೀರು ಕುಡಿಸಿದರು?'

ಯಾರೂ ಯಾರಿಗೂ ಕುಡಿಸಿರಲಿಲ್ಲ.

ಮತ್ತೆ ಆ ಗುರುವಾರಕ್ಕೆ ಬರುತ್ತೇನೆ. ಎಲ್ಲರೂ ರಾಜಿ ಎಂದ ಮೇಲೆ ದೆದೆ 12 ಸೇವೆಗಳವರನ್ನು ಒಬ್ಬೊಬ್ಬರನ್ನಾಗಿ ಕರೆದರು. ಜೆಮ್ಮಿಗೆ 12 ಸೇವಕರು ಬೇಕು, 12 ಇಮಾಮರ ಲೆಕ್ಕದಲ್ಲಿ. ಸೇವೆಗಳ ಹೆಸರು, ಸರದಿ ಊರಿಂದೂರಿಗೆ ಸ್ವಲ್ಪ ಬದಲಾಗುತ್ತದೆ, ಆದರೆ ಸಂಖ್ಯೆ ಅದೇ. ಮೊದಲು ಬಂದದ್ದು ಪೊರಕೆ ಹಿಡಿದವರು. ಜಮಖಾನೆಯ ಮೇಲೆ ಒಂದು ಎಳೆ ದೂಳೂ ಇರಲಿಲ್ಲ. ಮೂರು ಬಾರಿ ಪೊರಕೆ ಆಡಿಸಿದರು: ಅಲ್ಲಾಹ್, ಮುಹಮ್ಮದ್, ಅಲಿ. ಪೊರಕೆಯನ್ನು ಕಂಕುಳಲ್ಲಿ ಒತ್ತಿಕೊಂಡು, ದೆದೆಯಿಂದ ಹರಕೆ ಪಡೆದು, ಬೆನ್ನು ತೋರಿಸದೆ ಹಿಂದಕ್ಕೆ ಸರಿದರು. ಕಸಬರಿಗೆ ಹಿಡಿದವಳನ್ನು ಹಜಾರದ ನಡುವೆ ನಿಲ್ಲಿಸಿ ಇಡೀ ಸಭೆ ತಲೆಬಾಗಿ ಹರಸುವುದನ್ನು ನಾನು ಅದಕ್ಕಿಂತ ಮುಂಚೆ ನೋಡಿರಲಿಲ್ಲ. ಆಮೇಲೆ ಒಂದು ಹೆಣ್ಣು ಒಂದು ಗಂಡು ಹೂಜಿ, ಬೋಗುಣಿ, ಟವೆಲು ತಂದು ಕೈಗೆ ನಾಲ್ಕು ಹನಿ ನೀರು ಹಾಕಿದರು. ಸಭೆಯ ಶಿಸ್ತು ನೋಡಿಕೊಳ್ಳುವವನಿಗೆ 'ಗೋಜ್ಜು' ಎಂದು ಹೆಸರು. ನಮ್ಮ ಕಿವಿಗೆ ಗೊಜ್ಜು ಎಂದಂತೆ ಕೇಳಿ ನನಗೆ ನಗು ತಡೆಯಲಾಗಲಿಲ್ಲ. ಗೋಜ್ ಎಂದರೆ ಕಣ್ಣು, ಇವನು ಕಣ್ಣಿಡುವವನು. ನಕ್ಕದ್ದಕ್ಕೆ ಮೊದಲು ಕಣ್ಣು ಬಿದ್ದದ್ದೂ ನನ್ನ ಮೇಲೆಯೇ.

ದೀಪದ ಸೇವೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಅವರು ದೀಪ ಹಚ್ಚುವುದಿಲ್ಲ, ಎಬ್ಬಿಸುತ್ತಾರೆ. ಕೊನೆಯಲ್ಲಿ ಆರಿಸುವುದೂ ಇಲ್ಲ, ವಿಶ್ರಾಂತಿಗೆ ಕಳಿಸುತ್ತಾರೆ. ನಮ್ಮ ಅಜ್ಜಿಯೂ ದೀಪ ಆರಿತು ಎಂದರೆ ಬೈಯುತ್ತಿದ್ದಳು, ಶಾಂತವಾಯಿತು ಎನ್ನಬೇಕಿತ್ತು. ಅಜ್ಜಿಯದು ಅಶುಭದ ಭಯ. ಅಲೆವಿಗಳ ಎಚ್ಚರದ ಹಿಂದೆ ಭಕ್ತಿಯ ಜೊತೆಗೆ ಇನ್ನೊಂದು ಗಾಯವಿದೆ. ಗಂಡಸರೂ ಹೆಂಗಸರೂ ರಾತ್ರಿ ಹೊತ್ತು ಒಂದೇ ಕೋಣೆಯಲ್ಲಿ ಸೇರುತ್ತಾರೆ ಎಂಬುದನ್ನೇ ಹಿಡಿದು, ಇವರು ಮೇಣದ ಬತ್ತಿ ಆರಿಸಿ ಕತ್ತಲಲ್ಲಿ ನಡತೆಗೆಡುತ್ತಾರೆ ಎಂದು ನೆರೆಯವರು ಶತಮಾನಗಳಿಂದ ಆಡಿಕೊಂಡು ಬಂದಿದ್ದಾರೆ. 'ಮೇಣದ ಬತ್ತಿ ಆರಿತು' ಎಂಬ ಮಾತೇ ಅಲ್ಲಿ ಬೈಗುಳ. ಗೆಳೆಯನ ಶಾಲೆಯಲ್ಲಿ ಅವನಿಗೆ ಅದು ಬಿದ್ದಿತ್ತು, ಒಂಬತ್ತನೆಯ ವಯಸ್ಸಿಗೆ. ಚಹಾದಂಗಡಿಯಲ್ಲಿ ಅವನ ದನಿ ಯಾಕೆ ತಗ್ಗಿತ್ತು ಎಂದು ನನಗೆ ಅರ್ಥವಾದದ್ದು ಆಗ.

ಬೆಂಕಿಯ ಇನ್ನೊಂದು ನೆನಪೂ ಅವರಿಗಿದೆ. 1993ರ ಜುಲೈ 2ರಂದು ಸಿವಾಸ್ ನಗರದಲ್ಲಿ ಅಲೆವಿ ಕವಿ ಪೀರ್ ಸುಲ್ತಾನ್ ಅಬ್ದಾಲನ ಹೆಸರಿನ ಉತ್ಸವಕ್ಕೆ ಬಂದವರು ತಂಗಿದ್ದ ಮಡಿಮಾಕ್ ಹೋಟೆಲಿಗೆ, ಶುಕ್ರವಾರದ ನಮಾಜಿನ ನಂತರ ಸೇರಿದ ಗುಂಪು ಬೆಂಕಿಯಿಟ್ಟಿತು. ಉತ್ಸವಕ್ಕೆ ಬಂದಿದ್ದ 33 ಮಂದಿ, ಹೋಟೆಲಿನ ಇಬ್ಬರು ನೌಕರರು ಸತ್ತರು. ಕವಿಗಳು, ಗಾಯಕರು, ಜೆಮ್ಮಿನ ಸುತ್ತುವ ಆಚರಣೆಯಾದ ಸೆಮಾಹ್ ಆಡಲು ಬಂದ ಹದಿಹರೆಯದವರು. ಆ ಪ್ರಾಂತ್ಯದವರಾದ ತೆಯ್ಜೆ ಇದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವರ ಅಡುಗೆಮನೆಯ ಗೋಡೆಯ ಮೇಲೆ 33 ಪುಟ್ಟ ಮುಖಗಳ ಒಂದು ಪೋಸ್ಟರಿತ್ತು, ನಾನೂ ಕೇಳಲಿಲ್ಲ.

ದೀಪದ ಮಾತಿಗೆ ಸರ್ಕಾರವೂ ಬಂದು ಸೇರುವುದು ವಿಚಿತ್ರ. ಟರ್ಕಿಯಲ್ಲಿ ಮಸೀದಿ, ಚರ್ಚು, ಸಿನಗಾಗುಗಳ ದೀಪದ ಬಿಲ್ಲನ್ನು ಸರ್ಕಾರ ಕಟ್ಟುತ್ತದೆ. ಜೆಮ್‌ಎವಿ ಕಾನೂನಿನ ಲೆಕ್ಕದಲ್ಲಿ ಆರಾಧನೆಯ ಸ್ಥಳವೇ ಅಲ್ಲವಾದ್ದರಿಂದ 2022ರವರೆಗೆ ಅದಕ್ಕೆ ಕಟ್ಟುತ್ತಿರಲಿಲ್ಲ. ಇಸ್ತಾಂಬುಲಿನ ಒಂದು ಜೆಮ್‌ಎವಿಯವರು ಈ ಕರೆಂಟು ಬಿಲ್ಲನ್ನೇ ಹಿಡಿದುಕೊಂಡು ಸ್ಟ್ರಾಸ್‌ಬರ್ಗಿನ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋದರು. 2014ರಲ್ಲಿ ಗೆದ್ದರು. 2016ರಲ್ಲಿ ಅದೇ ನ್ಯಾಯಾಲಯದ ದೊಡ್ಡ ಪೀಠ, ಅಲೆವಿಗಳಿಗೆ ಧಾರ್ಮಿಕ ಸೇವೆಗಳನ್ನು ನಿರಾಕರಿಸುವುದು ತಾರತಮ್ಯ ಎಂದು ಇನ್ನೊಂದು ಪ್ರಕರಣದಲ್ಲಿ ಹೇಳಿತು. 2022ರಲ್ಲಿ ಸರ್ಕಾರ ಅಲೆವಿಗಳಿಗಾಗಿ ಒಂದು ಹೊಸ ಇಲಾಖೆ ತೆರೆಯಿತು, ಸಂಸ್ಕೃತಿ ಮತ್ತು ಪ್ರವಾಸೋದ್ಯಮ ಸಚಿವಾಲಯದ ಅಡಿಯಲ್ಲಿ. ನಮ್ಮ ದೇವರನ್ನು ಜಾನಪದ ಮಾಡಿದರು ಎಂದು ಹಲವು ಸಂಘಟನೆಗಳು ಅದನ್ನು ತಿರಸ್ಕರಿಸಿವೆ. ನಂಬಿಕೆಯೊಂದನ್ನು ಪ್ರವಾಸೋದ್ಯಮದ ಕಡತದಲ್ಲಿಟ್ಟರೆ ಸಿಟ್ಟು ಬರದೆ ಇನ್ನೇನು?

ಬಾಗಿಲು ಕಾಯುವುದೂ 12ರಲ್ಲಿ ಒಂದು ಸೇವೆ. ಹಳ್ಳಿಯಲ್ಲಿ ಅದು ನಿಜವಾದ ಕಾವಲಾಗಿತ್ತು, ಜೆಂಡಾರ್ಮೆ ಪೊಲೀಸರು ಬರುತ್ತಾರೇನೋ ಎಂದು ಕತ್ತಲಲ್ಲಿ ಕಣ್ಣು ನೆಟ್ಟುಕೊಂಡು. ಒಳಗಿನ ಜೆಮ್ಮನ್ನು ನೋಡದೆ ಹೊರಗೆ ನಿಂತವನಿಗೂ ಒಳಗಿನವರಷ್ಟೇ ಪುಣ್ಯ. ಇಸ್ತಾಂಬುಲಿನಲ್ಲಿ ಆ ಸೇವೆಗೆ ಒಬ್ಬ ಎತ್ತರದ ಮುದುಕ ಚಪ್ಪಲಿ ಕಪಾಟಿನ ಪಕ್ಕ ನಿಂತಿದ್ದ.

ಬಾಗಿಲಿಗೆ ಸಂಬಂಧಿಸಿದ್ದೇ ಈ ಇಡೀ ಆಚರಣೆಯ ಮೂಲಕಥೆ. ಪ್ರವಾದಿ ಮುಹಮ್ಮದರು ಮಿರಾಜ್ ಎಂಬ ಸ್ವರ್ಗಯಾತ್ರೆ ಮುಗಿಸಿ, ದೇವರನ್ನು ಕಂಡು ಹಿಂದಿರುಗುವಾಗ ಒಂದು ಮನೆ ಕಾಣುತ್ತದೆ. ಕದ ತಟ್ಟುತ್ತಾರೆ. ಯಾರು? ನಾನು ಪ್ರವಾದಿ. ನಮ್ಮಲ್ಲಿ ಪ್ರವಾದಿಗೆ ಜಾಗವಿಲ್ಲ, ಹೋಗಿ ನಿನ್ನ ಜನಕ್ಕೆ ಪ್ರವಾದಿಯಾಗು. ಮತ್ತೆ ತಟ್ಟುತ್ತಾರೆ, ಮತ್ತೆ ಅದೇ. ಮೂರನೆಯ ಬಾರಿ ಹೇಳುತ್ತಾರೆ: ನಾನು ಬಡವರ ಆಳು. ಕದ ತೆರೆಯುತ್ತದೆ. ಒಳಗೆ ಗಂಡು ಹೆಣ್ಣು ಕೂಡಿ 39 ಮಂದಿ. ನೀವು ಯಾರೆಂದರೆ ನಾವು ನಲವತ್ತು ಮಂದಿ, ನಮ್ಮಲ್ಲಿ ಹಿರಿಯರೂ ಇಲ್ಲ ಕಿರಿಯರೂ ಇಲ್ಲ ಎನ್ನುತ್ತಾರೆ. ಒಬ್ಬರು ಕಡಿಮೆ ಇದ್ದೀರಲ್ಲ? ಸಲ್ಮಾನ್ ಭಿಕ್ಷೆಗೆ ಹೋಗಿದ್ದಾನೆ. ಗುರುತೇನು ಎಂದರೆ ಅಲಿ ತನ್ನ ತೋಳಿಗೆ ಗೀರು ಹಾಕುತ್ತಾನೆ. ಎಲ್ಲರ ತೋಳಿನಿಂದಲೂ ರಕ್ತ ಒಸರುತ್ತದೆ, ಒಂದು ಹನಿ ಕಿಟಕಿಯಿಂದ ತೂರಿ ಬಂದು ಬೀಳುತ್ತದೆ, ಹೊರಗಿದ್ದ ಸಲ್ಮಾನನದು. ಸಲ್ಮಾನ್ ತಂದದ್ದು ಒಂದೇ ಒಂದು ದ್ರಾಕ್ಷಿ. ಅದನ್ನು ಹಿಂಡಿ ನಲವತ್ತು ಮಂದಿಗೆ ಹಂಚಬೇಕು. ಹಂಚುತ್ತಾರೆ. ಒಬ್ಬರು ಕುಡಿದರೆ ಎಲ್ಲರಿಗೂ ಅಮಲೇರುತ್ತದೆ, ಎದ್ದು ತಿರುಗಲು ತೊಡಗುತ್ತಾರೆ.

ಈ ಕಥೆಯನ್ನು ಜೆಮ್ಮಿನಲ್ಲಿ ಹಾಡುವವನು ಜಾಕಿರ್. ಅವನ ಕೈಯಲ್ಲಿ ಬಾಗ್ಲಾಮಾ, ಉದ್ದ ಕುತ್ತಿಗೆಯ ತಂತಿವಾದ್ಯ. ತಂತಿಯಿರುವ ಕುರಾನ್ ಎಂದು ಅದನ್ನು ಕರೆಯುವುದುಂಟು. ಹಾಡು ಆ ದ್ರಾಕ್ಷಿಯ ಸಾಲಿಗೆ ಬಂದಾಗ ನಾಲ್ಕೈದು ಹೆಂಗಸರು ಗಂಡಸರು ಬರಿಗಾಲಲ್ಲಿ ಮೆಯ್ದಾನಕ್ಕೆ ಇಳಿದರು. ಅದು ಸೆಮಾಹ್. ನಿಧಾನಕ್ಕೆ ಶುರುವಾಗಿ ಬಿರುಸಾಗುವ ಸುತ್ತು, ತೋಳುಗಳು ಕೊಕ್ಕರೆಯ ರೆಕ್ಕೆಯಂತೆ ಬಿಚ್ಚಿ ಮಡಚುತ್ತವೆ. ಒಬ್ಬರಿಗೊಬ್ಬರು ತಾಗುವುದಿಲ್ಲ, ದೆದೆಗೆ ಬೆನ್ನು ಮಾಡುವುದಿಲ್ಲ. 2010ರಲ್ಲಿ ಯುನೆಸ್ಕೊ ಇದನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಕುಣಿತ ಎಂದು ನಾನು ಬಾಯಿ ತಪ್ಪಿ ಅಂದೆ. ಗೆಳೆಯ ತಿದ್ದಿದ, ಇದು ಕುಣಿತವಲ್ಲ, ಇದೇ ನಮ್ಮ ನಮಾಜು.

ಜಾಕಿರ್ ಹಾಡಿದ ಎರಡು ಪದಗಳ ಕೊನೆಯಲ್ಲಿ ಹತಾಯಿ ಎಂಬ ಅಂಕಿತ ಬಂತು. ನಾನು ನೆಟ್ಟಗೆ ಕೂತೆ. ಹತಾಯಿ ಎಂದರೆ ಇರಾನಿನ ಸಫವಿ ದೊರೆ ಶಾ ಇಸ್ಮಾಯಿಲ್. 1501ರಲ್ಲಿ ಪಟ್ಟಕ್ಕೆ ಬಂದವನು, 1514ರಲ್ಲಿ ಚಾಲ್ದಿರಾನಿನಲ್ಲಿ ಆಟೋಮನ್ ಸುಲ್ತಾನ ಸೆಲಿಮನೆದುರು ಸೋತವನು. ಅನಾತೋಲಿಯಾದ, ಅಂದರೆ ಇಂದಿನ ಟರ್ಕಿಯ ಏಷ್ಯಾ ಭಾಗದ, ಅವನ ಭಕ್ತರು 12 ಮಡಿಕೆಯ ಕೆಂಪು ಟೋಪಿ ತೊಡುತ್ತಿದ್ದರಿಂದ ಅವರಿಗೆ ಕಿಜಿಲ್‌ಬಾಶ್, ಕೆಂದಲೆಯವರು, ಎಂದು ಹೆಸರಾಯಿತು. ಇಂದಿನ ಅಲೆವಿಗಳಲ್ಲಿ ಬಹಳ ಜನರ ಪೂರ್ವಿಕರು ಅವರೇ. ಅದೇ ಕೆಂಪು ಟೋಪಿ ನಮ್ಮ ವಿಜಾಪುರದಲ್ಲೂ ಇತ್ತು. 1519ರ ಸುಮಾರಿಗೆ ಶಾ ಇಸ್ಮಾಯಿಲನ ರಾಯಭಾರಿ ಬಂದು ಹೋದ ಮೇಲೆ, ಆದಿಲ್‌ಶಾಹಿ ದೊರೆ ಇಸ್ಮಾಯಿಲ್ ತನ್ನ ಸೈನಿಕರಿಗೆ 12 ಮೂಲೆಯ ಕೆಂಪು ಟೋಪಿ ತೊಡಲು ಆಜ್ಞೆ ಮಾಡಿದ. ಅವನ ಮಗ ಇಬ್ರಾಹಿಮ್ 1534ರಲ್ಲಿ ಪಟ್ಟಕ್ಕೆ ಬಂದದ್ದೇ ಅದನ್ನು ತೆಗೆಸಿಹಾಕಿದ. ಐನೂರು ವರ್ಷಗಳ ಹಿಂದೆ ನನ್ನೂರ ಬೀದಿಯಲ್ಲಿ ಹದಿನೈದು ವರ್ಷ ಓಡಾಡಿದ ಟೋಪಿ. ಗೆಳೆಯನಿಗೆ ಹೇಳಿದರೆ ಅವನು ನಂಬಲಿಲ್ಲ; ಮೊಬೈಲಿನಲ್ಲಿ ಹುಡುಕಿ ನೋಡಿ ಬೆಪ್ಪಾದ.

ಕೊನೆಗೆ ನೀರಿನ ಸೇವೆ. ಜಾಕಿರ್ ಕರ್ಬಲಾದ ಶೋಕಗೀತೆ ಎತ್ತಿಕೊಂಡ. ಭಾಷೆ ಗೊತ್ತಿರಲಿಲ್ಲ, ಆದರೆ ಹುಸೇನ್ ಎಂಬ ಹೆಸರು ಬಂದು ಬೀಳುವ ಜಾಗ, ಆಮೇಲೆ ದನಿ ಎಳೆದು ಒಡೆಯುವ ರೀತಿ ನನಗೆ ಗೊತ್ತಿತ್ತು. ನಮ್ಮೂರಲ್ಲಿ ಕತ್ತಲ ರಾತ್ರಿ ಪಂಜಾಗಳ ಮುಂದೆ ರಿವಾಯತ ಪದ ಹೇಳುವ ಮೇಳದಲ್ಲಿ ಲಿಂಗಾಯತರು, ಕುರುಬರು, ಮುಸಲ್ಮಾನರು ಎಲ್ಲ ಇರುತ್ತಿದ್ದರು, ದನಿ ಹೀಗೆಯೇ ಒಡೆಯುತ್ತಿತ್ತು. ನೀರಿನ ಬಟ್ಟಲು ಹಿಡಿದವನು ಸಾಲಿನಲ್ಲಿ ಬಂದ. ಸುತ್ತ ಅಳುತ್ತಿದ್ದರು. ನನಗೆ ಕೊಟ್ಟ ಗುಟುಕನ್ನು ನುಂಗುವಾಗ ಅಪ್ಪ ನೆನಪಾದ. ದೊಡ್ಡಪ್ಪನ ಹೆಣ ಅಂಗಳದಲ್ಲಿದ್ದ ದಿನ ಬಾಯಿಗೆ ನೀರು ಬಿಡಲು ಮನೆಯವರೆಲ್ಲ ಸರದಿಯಲ್ಲಿ ನಿಂತಿದ್ದರು. ಅಪ್ಪ ಹೊರಗೆ ಬೇವಿನ ಮರದ ಕೆಳಗಿದ್ದ. ಅವತ್ತು ನಮ್ಮ ಪಾಳಿಯ ದಿನ. ಬಾವಿಯ ಪಂಪು ತಾನೇ ಓಡುತ್ತಿತ್ತು.

ಆಮೇಲೆ ಊಟ. ಇವರು ಲೊಕ್ಮಾ ಎನ್ನುತ್ತಾರೆ, ತುತ್ತು. ಮನೆಮನೆಯಿಂದ ತಂದದ್ದನ್ನೆಲ್ಲ ಒಂದುಗೂಡಿಸಿ ಎಲ್ಲರಿಗೂ ಸರಿಸಮ ಹಂಚಬೇಕು, ಮಗುವಿಗೂ ದೆದೆಗೂ ಒಂದೇ ಅಳತೆ. ಕಾಗದದ ತಟ್ಟೆಗಳು ಬಂದವು: ಗೋಧಿನುಚ್ಚಿನ ಅನ್ನ, ಅದರ ಮೇಲೆ ಬಲಿ ಕುರಿಯ ಮಾಂಸ, ಒಂದು ತುಂಡು ರೊಟ್ಟಿ, ಒಂದು ಸೇಬು. ಎಲ್ಲರೆದುರೂ ತಟ್ಟೆ ಬಂದ ಮೇಲೂ ಯಾರೂ ಮುಟ್ಟಲಿಲ್ಲ. ಹಂಚಿದವನು ನಡುವೆ ನಿಂತು ಕೂಗಿ ಕೇಳಿದ. ಕೈಯಲ್ಲಿ ತೆರಾಜಿ ಇಲ್ಲ, ಎಲ್ಲರೂ ತಮ್ಮ ಹಕ್ಕಿಗೆ ರಾಜಿಯೇ? ಅವರ ಭಾಷೆಯಲ್ಲಿ ತೆರಾಜಿ, ರಾಜಿ ಎಂದು ಪ್ರಾಸ ಕೂಡುತ್ತದೆ. ತರಾಜು, ಹಕ್ಕು, ರಾಜಿ. ಅನುವಾದ ಬೇಕಾಗದ ಮೊದಲ ವಾಕ್ಯ ಅದು.

ನಾನು ಮಾಂಸ ತಿನ್ನುವವನಲ್ಲ. ತಟ್ಟೆ ನೋಡುತ್ತ ಕೂತಿದ್ದೆ; ಎಲ್ಲರೂ ರಾಜಿ ಎಂದಾಗ ನಾನೂ ತುಟಿ ಆಡಿಸಿದರಾಯಿತು ಎಂದುಕೊಂಡೆ. ನೂರಾರು ಜನ ಎರಡು ತಾಸು ಮುಂಚೆ ಹೇಳಿದ್ದೂ ಹಾಗೆಯೇ ಅಲ್ಲವೇ? ಆದರೆ ತೆಯ್ಜೆ ಕೈ ಎತ್ತಿಬಿಟ್ಟರು. 'ನಿಲ್ಲಿ, ಇಲ್ಲೊಬ್ಬ ರಾಜಿಯಿಲ್ಲ.'

ಹಜಾರ ನಿಂತಿತು. ನನ್ನ ಕಿವಿ ಬಿಸಿಯಾಯಿತು. ಗೋಜ್ಜು ಮತ್ತೊಮ್ಮೆ ನನ್ನ ಕಡೆ ನೋಡಿದ. ತೆಯ್ಜೆ ಯಾವ ಅವಸರವೂ ಇಲ್ಲದೆ ನನ್ನ ತಟ್ಟೆಯ ಅನ್ನ, ಮಾಂಸ ಎರಡನ್ನೂ ಮಗನ ತಟ್ಟೆಗೆ ದೂಡಿದರು. ಅವನ ರೊಟ್ಟಿ ನನಗೆ ಬಂತು. ತಮ್ಮ ಸೇಬನ್ನು ನನ್ನ ಸೇಬಿನ ಪಕ್ಕ ಇಟ್ಟರು. ಸ್ವಲ್ಪ ಹಿಂದೆ ಸರಿದು ಮೂರೂ ತಟ್ಟೆಗಳನ್ನು ಕಣ್ಣಲ್ಲೇ ತೂಗಿ, ಮಗನ ತಟ್ಟೆಯಿಂದ ಒಂದು ಚೂರು ಮಾಂಸ ತಮ್ಮದಕ್ಕೆ ಹಾಕಿಕೊಂಡರು. ಆಮೇಲೆ ನನ್ನ ಮುಖ ನೋಡಿ ಕೇಳಿದರು.

'ರಾಜಿ' ಎಂದೆ.

ಅವರು ಹಂಚಿದವನ ಕಡೆ ತಲೆಯಾಡಿಸಿದರು. ಇನ್ನೂರು ಕೈಗಳು ತಟ್ಟೆಗಿಳಿದವು. ಹೊರಡುವಾಗ ಬಾಗಿಲ ಬಳಿ ಆ ಎತ್ತರದ ಮುದುಕ ತನ್ನ ಪಾಲಿನ ತಟ್ಟೆಯನ್ನು ಚಪ್ಪಲಿ ಕಪಾಟಿನ ಮೇಲಿಟ್ಟುಕೊಂಡು ನಿಂತೇ ಉಣ್ಣುತ್ತಿದ್ದ. ಒಂದು ಕೈಯಲ್ಲಿ ರೊಟ್ಟಿ. ಇನ್ನೊಂದು ಕೈಯಿಂದ ನನ್ನ ಜೋಡು ಹುಡುಕಿ ಕೊಟ್ಟ.